ನೀಲಕಂಠಪ್ಪ ಸಾಹೇಬರ ಗೋಡೆ

ಸತ್ತವರ ಬಗ್ಗೆ ಎರಡು ಮಾತಾಡಿ ಎಂದು ಮೈಕು ಕೊಟ್ಟರೆ ನಮ್ಮ ಧಾರವಾಡದ ಮಂದಿ ಎರಡಕ್ಕೆ ನಿಲ್ಲಿಸಿದ್ದು ನಾನಂತೂ ಕಂಡಿಲ್ಲ. ನಿವೃತ್ತ ಕಾರ್ಯನಿರ್ವಾಹಕ ಎಂಜಿನಿಯರ್ ನೀಲಕಂಠಪ್ಪನವರ ಶಿವಗಣಾರಾಧನೆಯ ದಿನವೂ ಹಾಗೇ ಆಯಿತು. ಸಪ್ತಾಪುರದ ಅವರ ಮನೆಯ ಮುಂದೆ ಶಾಮಿಯಾನ ಹಾಕಿ, ಬೆಳಿಗ್ಗೆ ಶುರು ಮಾಡಿದ ನುಡಿನಮನ ಊಟದ ಹೊತ್ತು ಮೀರಿದರೂ ಮುಗಿದಿರಲಿಲ್ಲ. ಅಷ್ಟರೊಳಗೆ ನೀಲಕಂಠಪ್ಪನವರು ಕರ್ಮಯೋಗಿ ಆಗಿದ್ದರು, ಅಜಾತಶತ್ರು ಆಗಿದ್ದರು, ಸಂಸಾರವಂದಿಗ ಆಗಿದ್ದರು. ಅವರ ಕೈಯಲ್ಲಿ ಬೈಸಿಕೊಂಡು ಬೈಸಿಕೊಂಡೇ ತಲೆ ನರೆತ ಗುತ್ತಿಗೆದಾರರೊಬ್ಬರು ‘ತಾಯಿಯ ಹೃದಯ’ ಎಂದುಬಿಟ್ಟರು. ಹಿಂದೆ ಪಾತ್ರೆಗಳಲ್ಲಿ ಗೋಧಿ ಹುಗ್ಗಿ ಆರಿ ಗಟ್ಟಿಯಾಗುತ್ತಿತ್ತು.

ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಚನ್ನಬಸವ್ವ ಸೆರಗು ಹೊದ್ದು ಕೂತಿದ್ದಳು. ಬಂದವರೆಲ್ಲ ಅವಳ ಮುಖ ನೋಡಿ, ಪಾಪ, ಹಳೆಯದನ್ನೆಲ್ಲ ನೆನೆಯುತ್ತಿದ್ದಾಳೆ ಅಂದುಕೊಂಡರು. ಅವಳು ನೆನೆಯುತ್ತಿದ್ದದ್ದು ಕಿಟಕಿಯನ್ನು. ಅಡುಗೆಮನೆಗೆ ಒಂದು ಕಿಟಕಿ ಬೇಕು, ಅಷ್ಟೇ. ಗಂಡನನ್ನು ಮಣ್ಣು ಮಾಡಿ ಬಂದ ವಾರದಲ್ಲೇ ಕಿಟಕಿಯ ಚಿಂತೆಯೇ ಎಂದು ಮೂಗು ಮುರಿಯುವವರು ಆ ಅಡುಗೆಮನೆಯಲ್ಲಿ ಒಂದು ಬೆಳಿಗ್ಗೆ ಕೂತು ರೊಟ್ಟಿ ಬಡಿದು ನೋಡಲಿ. ಆಮೇಲೆ ಮಾತಾಡಲಿ.

ನೀಲಕಂಠಪ್ಪನವರು ಹುಟ್ಟಿದ್ದು ಸುಳ್ಳ ಎಂಬ ಹಳ್ಳಿಯ ಒಕ್ಕಲುತನದ ಮನೆಯಲ್ಲಿ. ಹತ್ತಿ, ಜೋಳ, ಕಡಲೆ ಬಿಟ್ಟರೆ ಬೇರೆ ಗೊತ್ತಿಲ್ಲದ ಮನೆತನದಲ್ಲಿ ಇವರೊಬ್ಬರು ಹುಬ್ಬಳ್ಳಿಗೆ ಹೋಗಿ ಎಂಜಿನಿಯರಿಂಗ್ ಓದಿದರು. ರಜೆಗೆ ಬಂದಾಗ ಊರವರು ಕೆಟ್ಟ ಪಂಪು, ಕೆಟ್ಟ ರೇಡಿಯೋ ತಂದು ಮುಂದಿಟ್ಟರೆ, ತಾನು ಸಿವಿಲ್ ಎಂದು ಹೇಳಿ, ಬಂದವರ ದನದ ಕೊಟ್ಟಿಗೆಯ ಇಳಿಜಾರು ತಪ್ಪಾಗಿದೆ ಎಂದು ತೋರಿಸಿ ಕಳಿಸುತ್ತಿದ್ದರು. ಪಂಪು ರಿಪೇರಿ ಆಗುತ್ತಿರಲಿಲ್ಲ. ಆದರೆ ಹುಡುಗ ಬಹಳ ಓದಿದ್ದಾನೆ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯುತ್ತಿರಲಿಲ್ಲ.

ಹುಬ್ಬಳ್ಳಿಯ ಕಮರಿಪೇಟೆಗೆ ಕನ್ಯೆ ನೋಡಲು ಬಂದಾಗಲೂ ಅದೇ ಕಥೆ. ಚನ್ನಬಸವ್ವನ ಅಪ್ಪ ಹತ್ತಿ ವ್ಯಾಪಾರಿ. ಹಳೇ ಮನೆ, ದೊಡ್ಡ ಪಡಸಾಲೆ, ಓಣಿಯ ಕಡೆಗೆ ಎರಡು ಕಿಟಕಿ ಇದ್ದ ಅಡುಗೆಮನೆ. ತರಕಾರಿ, ಹೂವು, ಓಣಿಯ ಜಗಳ, ಯಾರ ಮಗಳು ಯಾರ ಜೊತೆ ನಕ್ಕಳು ಎಂಬ ಸುದ್ದಿ, ಎಲ್ಲವೂ ಆ ಕಿಟಕಿಯಿಂದಲೇ ಒಳಗೆ ಬರುತ್ತಿದ್ದವು. ಹುಡುಗಿ ಆ ಕಿಟಕಿಯ ಪಕ್ಕದಲ್ಲೇ ಬೆಳೆದವಳು. ಹುಡುಗ ಬಂದು ಕೂತು ಹುಡುಗಿಯ ಕಡೆ ಒಂದು ಸಲ ನೋಡಿದ್ದರೆ ಹೆಚ್ಚು. ಉಳಿದ ಹೊತ್ತೆಲ್ಲ ಕತ್ತೆತ್ತಿ ಮಾಡು ನೋಡಿದ.

"ನಿಮ್ಮ ತೊಲಿ ಬಾಗೇತ್ರಿ," ಅಂದ, ಹೋಗುವಾಗ. "ಬಾಳ ದಿನ ತಾಳೂದಿಲ್ಲ."

ಅಪ್ಪನಿಗೆ ಖುಷಿಯೋ ಖುಷಿ. ತಿಳಿದವ ಅಂದರೆ ಹೀಗಿರಬೇಕು ಎಂದು ಮರುದಿನವೇ ಮದುವೆಗೆ ಒಪ್ಪಿಗೆ ಹೇಳಿ ಕಳಿಸಿದ. ಆ ತೊಲೆ ಇವತ್ತಿಗೂ ಅಲ್ಲೇ ಇದೆ, ಅದರ ಕೆಳಗೆ ಈಗ ಚನ್ನಬಸವ್ವನ ತಮ್ಮನ ಮೊಮ್ಮಕ್ಕಳು ಮೊಬೈಲು ನೋಡುತ್ತ ಬಿದ್ದಿರುತ್ತಾರೆ.

ಸಂಸಾರವಂದಿಗ ಎಂದು ಭಾಷಣದಲ್ಲಿ ಹೊಗಳಿದರಲ್ಲ, ಅದು ಸುಳ್ಳಲ್ಲ. ಹೆಂಡತಿ, ಮಕ್ಕಳು, ಮನೆ ಬಿಟ್ಟರೆ ಅವರಿಗೆ ಬೇರೆ ಲೋಕ ಇರಲಿಲ್ಲ. ಆ ಲೋಕವನ್ನು ಸದಾ ಪರಿಶೀಲನೆ ಮಾಡುತ್ತಿದ್ದರು ಅಷ್ಟೇ. ಅವರ ಬ್ಯಾಗಿನಲ್ಲಿ ಮಟ್ಟ ನೋಡುವ ಒಂದು ಸ್ಪಿರಿಟ್ ಲೆವೆಲ್ ಸದಾ ಇರುತ್ತಿತ್ತು. ಮಗಳ ಮದುವೆಯ ದಿನ ಮಂಟಪದ ಹಲಗೆಯ ಮೇಲೆ ಅದನ್ನಿಟ್ಟು, ಗಾಳಿಗುಳ್ಳೆ ಒಂದು ಕಡೆ ಸರಿದಿದೆ ಎಂದು ಮುಹೂರ್ತದ ಹೊತ್ತಿನಲ್ಲಿ ವಧೂವರರನ್ನು ಎಬ್ಬಿಸಿ ಹಲಗೆಯ ಕೆಳಗೆ ರಟ್ಟು ಇಡಿಸಿದ್ದರು. ಬೀಗರು ಅದನ್ನು ಇನ್ನೂ ಮರೆತಿಲ್ಲ. ಮೊನ್ನೆ ಸುಳ್ಳದ ಹೊಲದಲ್ಲಿ ಅವರನ್ನು ಸಮಾಧಿಯಲ್ಲಿ ಕೂರಿಸಲು ಕುಣಿ ತೋಡಿದಾಗ ಕೂಡ, ಸಾಹೇಬರು ಇದ್ದಿದ್ದರೆ ಮೊದಲು ತಳದ ಲೆವೆಲ್ ನೋಡುತ್ತಿದ್ದರು ಎಂದು ಯಾರೋ ಪಿಸುಗುಟ್ಟಿ, ಅಳುವ ಜಾಗದಲ್ಲಿ ನಾಲ್ಕು ಜನ ನಕ್ಕಿದ್ದರು.

ಇನ್ನು ಅವರ ದೊಡ್ಡ ಕೆಲಸ ಅಂದರೆ ಸೇತುವೆ. ನುಡಿನಮನದಲ್ಲಿ ಅದರ ವಿಷಯ ಎತ್ತಿದವರು ಶಿವಯೋಗೀಶ. ಒಂದು ಕಾಲಕ್ಕೆ ನೀಲಕಂಠಪ್ಪನವರ ಕೈಕೆಳಗೆ ಜೂನಿಯರ್ ಆಗಿದ್ದವರು, ಈಗ ಅವರೂ ನಿವೃತ್ತರು.

"ಆ ಹಳ್ಳದ ಸೇತುವೆ ನೋಡ್ರಿ," ಎಂದು ಅವರು ಹೇಳಿದರು. "ಇವತ್ತಿಗೂ ಒಂದ ಒಂದು ಬಿರುಕು ಬಂದಿಲ್ಲ."

ಬರುವುದು ಹೇಗೆ? ಸೇತುವೆ ಮುಗಿದ ಮೇಲೆ ಎರಡೂ ಕಡೆಯ ರಸ್ತೆ ಮಾಡುವುದು ಬೇರೆ ವಿಭಾಗದ ಕೆಲಸ ಎಂದಾಯಿತು. ಆ ವಿಭಾಗ ಇವತ್ತಿನವರೆಗೂ ಬಂದಿಲ್ಲ. ಹೊಲದ ನಡುವೆ ನಿಂತ ಆ ಸೇತುವೆಯ ಮೇಲೆ ಊರವರು ಮೆಣಸಿನಕಾಯಿ ಒಣಹಾಕುತ್ತಾರೆ. ಮೆಣಸಿನಕಾಯಿಯ ಭಾರಕ್ಕೆ ಬಿರುಕು ಬಿಡುವ ಸೇತುವೆಯನ್ನು ನೀಲಕಂಠಪ್ಪನವರು ಕಟ್ಟುವವರಲ್ಲ, ಅದು ಮಾತ್ರ ಖರೆ.

ಈಗ ಮನೆಗೆ ಬರೋಣ.

ಸಪ್ತಾಪುರದಲ್ಲಿ ಆಗ ಇಷ್ಟು ಕೋಚಿಂಗ್ ಕ್ಲಾಸುಗಳೂ ಇರಲಿಲ್ಲ, ಹುಡುಗ ಹುಡುಗಿಯರ ಪಿ.ಜಿ.ಗಳೂ ಇರಲಿಲ್ಲ. ನೀಲಕಂಠಪ್ಪನವರ ಜಾಗದ ಪಕ್ಕದಲ್ಲಿ ಪೇರಲ ತೋಟವಿತ್ತು. ಮನೆಯ ನಕ್ಷೆಯನ್ನು ಬೇರೆಯವರ ಕೈಗೆ ಕೊಡುವ ಮಾತೇ ಇರಲಿಲ್ಲ. ತಿಂಗಳುಗಟ್ಟಲೆ ಕೂತು ತಾವೇ ಬರೆದರು. ಉಪ್ಪಿನಕಾಯಿಯ ಭರಣಿಗೆ ಗೂಡು, ಒಳಕಲ್ಲಿಗೆ ಮೂಲೆ, ಮುಸುರೆ ನೀರು ಹರಿಯಲು ಇಳಿಜಾರು, ಎಲ್ಲವೂ ಅದರಲ್ಲಿದ್ದವು. ಗೌಂಡಿಗೆ ಒಂದೇ ಅಪ್ಪಣೆ: "ನಕ್ಷೆದಾಗ ಇದ್ದಂಗs ಕಟ್ಟು. ನಿನ್ನ ತಲಿ ಓಡಸಬ್ಯಾಡ." ಅವನು ಓಡಿಸಲಿಲ್ಲ. ಚನ್ನಬಸವ್ವ ಆಗ ಬಾಣಂತನಕ್ಕೆ ಕಮರಿಪೇಟೆಯಲ್ಲಿದ್ದಳು. ಕೂಸು ಪ್ರಸಾದನನ್ನು ಎತ್ತಿಕೊಂಡು ನೇರ ಗೃಹಪ್ರವೇಶಕ್ಕೇ ಬಂದಳು.

ಒಲೆ ಹೊತ್ತಿಸಿ ಹಾಲು ಉಕ್ಕಿಸಿದರು. ಹಾಲಿಗಿಂತ ಮೊದಲು ಹೊಗೆ ಉಕ್ಕಿತು. ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತ ಕೆಮ್ಮತೊಡಗಿದರು.

"ಕಿಡಕಿ ತಗೀವಾ ಲಗೂ," ಅಂದಳು ಚನ್ನಬಸವ್ವನ ಅವ್ವ.

ಚನ್ನಬಸವ್ವ ಕಿಟಕಿ ಹುಡುಕಿದಳು. ಇರಲಿಲ್ಲ. ಗದ್ದಲ ಕೇಳಿ ನೀಲಕಂಠಪ್ಪನವರು ಒಳಗೆ ಬಂದರು. ಒಂದೊಂದೇ ಗೋಡೆ ನೋಡಿದರು. ಅವರ ಮುಖ ಇಳಿದುಹೋಯಿತು. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು, ಹೆಚ್ಚಿಲ್ಲ. ಹೊಗೆಯಲ್ಲಿ ಅದನ್ನು ಕಂಡವಳು ಹೆಂಡತಿಯೊಬ್ಬಳೇ. ಆಮೇಲೆ ಅವರು ಶರ್ಟಿನ ಕಾಲರು ಸರಿಮಾಡಿಕೊಂಡು, ಪೇರಲ ತೋಟದ ಕಡೆಗಿದ್ದ ಗೋಡೆಯ ಮೇಲೆ ಅಂಗೈಯಿಂದ ಬಡಿದು ಹೇಳಿದರು:

"ಇದು ಲೋಡ್ ಬೇರಿಂಗ್ ಗ್ವಾಡಿ. ಮನಿ ಭಾರ ಎಲ್ಲಾ ಇದರ ಮ್ಯಾಲೆ ಐತಿ. ಇಲ್ಲಿ ಕಿಡಕಿ ಇಟ್ರ ಮನಿ ನಿಂದ್ರೂದಿಲ್ಲ."

ಬಂದವರೆಲ್ಲ ಆ ಗೋಡೆಯನ್ನು ಭಯಭಕ್ತಿಯಿಂದ ನೋಡಿದರು. ಹೆಂಗಸರು ಅದಕ್ಕೆ ತಾಗದಂತೆ ಸರಿದು ನಿಂತರು.

ಮರೆತಿದ್ದರು. ಇಷ್ಟೇ ವಿಷಯ. ಭರಣಿಯ ಗೂಡು ನೆನಪಿಟ್ಟವರು ಕಿಟಕಿ ಮರೆತಿದ್ದರು. ಮನುಷ್ಯ ಮರೆಯುತ್ತಾನೆ, ನಕ್ಕು, ಗೋಡೆ ಒಡೆದು ಕಿಟಕಿ ಇಟ್ಟುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಕ್ಷೆ ಬರೆದವರೂ ತಾವೇ, ಗೌಂಡಿಗೆ ತಲೆ ಓಡಿಸಬೇಡ ಅಂದವರೂ ತಾವೇ, ಊರ ಮಂದಿಯ ತೊಲೆ, ಕೊಟ್ಟಿಗೆಗಳಲ್ಲೆಲ್ಲ ತಪ್ಪು ತೆಗೆದವರೂ ತಾವೇ. ಇನ್ನು ಒಪ್ಪಿಕೊಳ್ಳುವುದೆಲ್ಲಿ?

ಚನ್ನಬಸವ್ವ ಒಂದೇ ಸಲ ಕೇಳಿದ್ದಳು.

"ಪಡಸಾಲಿ ಗ್ವಾಡಿಗೆ ಎರಡು ಕಿಡಕಿ ಅದಾವಲ್ರಿ. ಅದು ಭಾರ ಹೊರೂದಿಲ್ಲೇನ್ರಿ?"

"ಅದರ ಭಾರ ಬ್ಯಾರೆ, ಇದರ ಭಾರ ಬ್ಯಾರೆ," ಎಂದು ಪೇಪರು ಅಡ್ಡ ಹಿಡಿದರು. ಕಿವಿ ಕೆಂಪಾಗಿದ್ದವು. ಅವಳು ಮತ್ತೆ ಕೇಳಲಿಲ್ಲ. ಗಂಡನ ಮಾನ ತನ್ನ ಕೈಯಲ್ಲಿದೆ ಎಂದು ತಿಳಿದು ಬಾಯಿ ಕಟ್ಟಿಕೊಂಡಳು, ನಲವತ್ತು ವರ್ಷಕ್ಕೂ ಮೇಲೆ.

ಗೋಡೆಗೆ ಕೈ ಹಚ್ಚದೆ ಹೊಗೆ ಹೊರಹಾಕುವ ಉಪಾಯಗಳು ಆಮೇಲೆ ಶುರುವಾದವು. ಮೊದಲು ಮಾಳಿಗೆಗೆ ತೂತು ಹೊಡೆದು ಪೈಪು ಕೂರಿಸಿದರು. ಬಿಸಿಲುಗಾಲದಲ್ಲಿ ಹೊಗೆ ಅದರ ಹತ್ತಿರವೂ ಹೋಗಲಿಲ್ಲ, ಮಳೆಗಾಲದಲ್ಲಿ ನೀರು ಮಾತ್ರ ಸೀದಾ ಒಲೆಗೆ ಇಳಿಯಿತು. ಪೈಪು ದೊಡ್ಡದು ಮಾಡಿದರು, ಪಾರಿವಾಳ ಬಂದು ಮೊಟ್ಟೆ ಇಟ್ಟಿತು. ಕೊನೆಗೆ ಬಾಗಿಲ ಮೇಲೆ ಎಕ್ಸಾಸ್ಟ್ ಫ್ಯಾನು ಹಾಕಿಸಿದರು. ಅದು ಬಹಳ ಛಲೋ ಕೆಲಸ ಮಾಡಿತು. ಅಡುಗೆಮನೆಯ ಹೊಗೆಯನ್ನೆಲ್ಲ ಎಳೆದು ತಂದು ಪಡಸಾಲೆಯಲ್ಲಿ ಕೂತ ಅತಿಥಿಗಳ ಮುಖಕ್ಕೇ ಬಿಡುತ್ತಿತ್ತು. ಅವರು ಕೆಮ್ಮುತ್ತಲೇ, "ಅಗದೀ ಛಲೋ ಐತ್ರಿ ಸರ್," ಅನ್ನುತ್ತಿದ್ದರು.

ಗ್ಯಾಸ್ ಬಂದ ಮೇಲಾದರೂ ಬಿಡುಗಡೆ ಸಿಕ್ಕೀತು ಅಂದರೆ, ಗ್ಯಾಸಿನ ಮೇಲಿನ ರೊಟ್ಟಿ ರಬ್ಬರು ಎಂದುಬಿಟ್ಟರು ಸಾಹೇಬರು. ಅವರಿಗೆ ಸುಳ್ಳದ ಹೊಲದಿಂದ ಬಂದ ಹತ್ತಿಕಟ್ಟಿಗೆಯ ಉರಿಯ ಮೇಲೆ ಸುಟ್ಟ ಜೋಳದ ರೊಟ್ಟಿಯೇ ಬೇಕು. ತಿನ್ನಲು ಮಾತ್ರ ಮೂಲ ಪದ್ಧತಿ.

ಇಷ್ಟೆಲ್ಲ ಹೇಳಿ ಇನ್ನೊಂದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. ದಿನಾ ಬೆಳಿಗ್ಗೆ ಅವಳು ರೊಟ್ಟಿ ಬಡಿಯಲು ಕೂತಾಗ ನೀಲಕಂಠಪ್ಪನವರು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ಕೈಯಲ್ಲಿ ಆಫೀಸಿನ ಹಳೇ ನೀಲಿ ನಕ್ಷೆಯ ಸುರುಳಿ. ಅದನ್ನು ಬಿಚ್ಚಿ ಮಡಚಿ ಬೀಸಣಿಕೆ ಮಾಡಿಕೊಂಡು, ಹೊಗೆಯನ್ನು ಅವಳ ಮುಖದಿಂದ ಆಚೆ ಬೀಸುತ್ತಿದ್ದರು. ಕಣ್ಣಲ್ಲಿ ನೀರು, ಅವಳಿಗಿಂತ ಹೆಚ್ಚು ಕೆಮ್ಮು. ಸೈಟಿಗೆ ಹೋಗುವ ಅವಸರವಿದ್ದ ದಿನವೂ ತಪ್ಪಿಸಲಿಲ್ಲ. ದೊಡ್ಡ ಸಾಹೇಬರಾದ ಮೇಲೂ ತಪ್ಪಿಸಲಿಲ್ಲ, ಹೊರಗೆ ಜೀಪು ನಿಂತು ಹಾರ್ನು ಹೊಡೆಯುತ್ತಿತ್ತು. ನಿವೃತ್ತಿಯಾದ ಮೇಲಂತೂ ಅದೇ ಡ್ಯೂಟಿ. ಜೀವನಪೂರ್ತಿ ಬೀಸಿದರು, ‘ಮರ್ತೆ’ ಎಂಬ ಒಂದು ಮಾತು ಹೇಳಲಿಲ್ಲ. ಚನ್ನಬಸವ್ವನಿಗೆ ಒಮ್ಮೊಮ್ಮೆ ಅವರ ಮೇಲೆ ಪ್ರೀತಿ ಉಕ್ಕುತ್ತಿತ್ತು, ಒಮ್ಮೊಮ್ಮೆ ಬಿಸಿ ಹಂಚು ತೆಗೆದು ಆ ತಲೆಯ ಮೇಲೆ ಇಡಬೇಕು ಅನ್ನಿಸುತ್ತಿತ್ತು. ಬಹಳಷ್ಟು ದಿನ ಎರಡೂ ಒಟ್ಟಿಗೇ ಅನ್ನಿಸುತ್ತಿತ್ತು.

ಮಗ ಪ್ರಸಾದ ಅಪ್ಪನ ದಾರಿಯಲ್ಲೇ ಸಿವಿಲ್ ಓದಿದ. ಎರಡನೇ ವರ್ಷದಲ್ಲಿ ಮನೆಗೆ ಬಂದವನು ಆ ಗೋಡೆಯ ಮುಂದೆ ನಿಂತು, "ಅಪ್ಪಾಜಿ, ಮ್ಯಾಲೊಂದು ಲಿಂಟಲ್ ತೊಲಿ ಕೊಟ್ಟು ಇಲ್ಲೊಂದು ಕಿಡಕಿ..." ಎಂದು ರಾಗ ತೆಗೆದ. "ಹಿಂದಿನ ಸೆಮಿಸ್ಟರಿಂದು ಎಷ್ಟು ಸಬ್ಜೆಕ್ಟ್ ಉಳದಾವು?" ಅಂದರು ಅಪ್ಪ. ರಾಗ ಅಲ್ಲಿಗೇ ನಿಂತಿತು. ಈಗ ಅವನು ಹುಬ್ಬಳ್ಳಿಯ ಖಾಸಗಿ ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ. ಭಾರ ಹೊರುವ ಗೋಡೆ ಎಂಬ ಪಾಠ ಬಂದಾಗ ಪ್ರತಿ ವರ್ಷ ತಮ್ಮ ಮನೆಯ ಅಡುಗೆಮನೆಯ ಗೋಡೆಯನ್ನೇ ಉದಾಹರಣೆ ಕೊಡುತ್ತಾನೆ. ‘ವಿಶೇಷ ಸಂದರ್ಭ’ ಅನ್ನುತ್ತಾನೆ. ಹೇಳಿ ಹೇಳಿ ಅವನಿಗೇ ಅದು ನಿಜ ಅನ್ನಿಸಿರಲೂಬಹುದು.

ಆಸ್ಪತ್ರೆಯಲ್ಲಿ ಕೊನೆಯ ದಿನ ನೀಲಕಂಠಪ್ಪನವರು ಕಣ್ಣು ಬಿಟ್ಟರು. ಮಗ ಬಗ್ಗಿ ಕಿವಿಗೊಟ್ಟ. ಹೆಂಡತಿ ಉಸಿರು ಹಿಡಿದಳು. ಈಗಲಾದರೂ ಬಂದೀತು ಆ ಮಾತು, ಎಂದು.

"ಆ ಗ್ವಾಡಿ ಮುಟ್ಟಬ್ಯಾಡ್ರಿ," ಅಂದರು ಸಾಹೇಬರು.

ಬೇರೆಯವರ ಬಾಯಲ್ಲಿ ಶಿವನ ಹೆಸರು ಬರುವ ಹೊತ್ತಿನಲ್ಲಿ ಇವರ ಬಾಯಲ್ಲಿ ಬಂದದ್ದು ಅಡುಗೆಮನೆಯ ಗೋಡೆ.

ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಚನ್ನಬಸವ್ವ ಶಾಮಿಯಾನದ ಕೆಳಗೆ ಕೂತಿದ್ದಳು. ಆರಾಧನೆ ಮುಗಿಯಲಿ, ಸೊಸೆ ವಾಣಿಶ್ರೀಯ ಕಿವಿಗೆ ಮೆಲ್ಲಗೆ ಹಾಕಿದರಾಯಿತು, ಸದ್ದಿಲ್ಲದೆ ಒಂದು ಕಿಟಕಿ ಇಡಿಸಿದರಾಯಿತು ಎಂದು ಲೆಕ್ಕ ಹಾಕುತ್ತಿದ್ದಳು. ಅಷ್ಟರಲ್ಲಿ ಪ್ರಸಾದ ಮೈಕು ಹಿಡಿದ. ಊಟ ಬಡಿಸಲು ಬಂದಿದ್ದ ಅವನ ವಿದ್ಯಾರ್ಥಿಗಳು ಬಕೆಟು ಕೆಳಗಿಟ್ಟು ಕೈಕಟ್ಟಿ ನಿಂತರು.

"ಗ್ವಾಡಿ ಮುಟ್ಟಬ್ಯಾಡ್ರಿ ಅಂದಿದ್ದು ಅಪ್ಪಾಜಿ ಕಡೀ ಮಾತು," ಅಂದ. ಕಣ್ಣಲ್ಲಿ ನೀರಿತ್ತು. "ಸ್ವಾಮಿಗಳ ಸಾಕ್ಷಿಯಾಗಿ ಹೇಳ್ತೇನಿ. ಅವರು ಬಿಟ್ಟುಹೋದ ಈ ಮನಿಯ ಒಂದು ಇಟ್ಟಂಗಿನೂ ಅಲ್ಲಾಡಸೂದಿಲ್ಲ. ಇದs ಅವರ ಸ್ಮಾರಕ."

ವೇದಿಕೆಯ ಮೇಲಿದ್ದ ಸ್ವಾಮಿಗಳು ತಲೆದೂಗಿದರು. ಮಂದಿ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ಚನ್ನಬಸವ್ವನಿಗೆ ಗೋಡೆಗೆ ಇನ್ನೊಂದು ಸಲ ಸಿಮೆಂಟಿನ ಗಿಲಾವು ಮೆತ್ತಿದಂತೆ ಕೇಳಿಸಿತು. ಬದುಕಿರುವ ತಾನು ಹೊಗೆ ಕುಡಿಯುತ್ತ ಸ್ಮಾರಕ ಕಾಯಬೇಕೇನು? ಅವಳು ಎದ್ದು ನಿಂತಳು. ಅಜ್ಜಿ ಮಾತಾಡುತ್ತಾಳೆ ಎಂದು ಮೊಮ್ಮಗಳು ಐಶ್ವರ್ಯಾ ಓಡಿಬಂದು ಅಪ್ಪನ ಕೈಯಿಂದ ಮೈಕು ಕಿತ್ತು ಅವಳ ಬಾಯಿಗೆ ಹಿಡಿದಳು.

"ಎಲ್ಲಾರೂ ಛಲೋ ಮಾತಾಡಿದ್ರಿ," ಅಂದಳು ಚನ್ನಬಸವ್ವ. "ನಮ್ಮನಿಯವರು ಖರೇನ ದೊಡ್ಡ ಮನಷ್ಯಾರು. ಯಾರ ಮುಂದೂ ಕೈ ಒಡ್ಡಲಿಲ್ಲ, ಯಾರ ಮುಂದೂ ಬಗ್ಗಲಿಲ್ಲ. ಆದ್ರ ಅಡಗಿಮನಿಗೆ ಕಿಡಕಿ ಇಡೂದು ಮರ್ತಿದ್ರು. ಭಾರ ಗೀರ ಏನಿಲ್ಲರಿ. ಮರ್ತಿದ್ರು ಅಷ್ಟ."

"ಅವ್ವಾ, ಕುಂದ್ರು," ಎಂದು ಪ್ರಸಾದ ಹಲ್ಲು ಕಚ್ಚಿ ಅಂದ.

"ಕುಂದರ್ತೇನಿ. ನೀನೂ ಎಂಜಿನಿಯರ ಅದಿಯಲ್ಲಾ, ಸ್ವಾಮಿಗಳ ಮುಂದ ಹೇಳು. ಅಲ್ಲೊಂದು ಕಿಡಕಿ ಇಟ್ರ ಈ ಮನಿ ಬೀಳ್ತೈತೇನು?"

ಪ್ರಸಾದ ಸ್ವಾಮಿಗಳನ್ನು ನೋಡಿದ. ಹಾರ ಹಾಕಿದ ಅಪ್ಪನ ಫೋಟೋ ನೋಡಿದ. ಬಕೆಟು ಬಿಟ್ಟು ನಿಂತಿದ್ದ ತನ್ನ ವಿದ್ಯಾರ್ಥಿಗಳನ್ನು ನೋಡಿದ. ಅವರೆಲ್ಲ ಆ ಪ್ರಶ್ನೆಗೆ ಅವನು ಕೊಟ್ಟ ಉತ್ತರವನ್ನೇ ಪರೀಕ್ಷೆಯಲ್ಲಿ ಬರೆದು ಪಾಸಾದವರು.

"ಲಿಂಟಲ್ ಕೊಟ್ರ..." ಅಂದ, ನೆಲ ನೋಡುತ್ತ. "ಬೀಳೂದಿಲ್ಲ."

ಆಗ ಶಿವಯೋಗೀಶರು ತಡೆಯಲಾರದೆ ಕರವಸ್ತ್ರದಲ್ಲಿ ನಕ್ಕುಬಿಟ್ಟರು.

"ತಪ್ಪು ತಿಳೀಬ್ಯಾಡ್ರಿ ವೈನಿ," ಅಂದರು. "ನಾನೂ ಗೃಹಪ್ರವೇಶಕ್ಕ ಬಂದಿದ್ದೆ. ಅವತ್ತs ಗೊತ್ತಾತ್ರಿ ನಮಗ. ಡಿಪಾರ್ಟಮೆಂಟಿಗೆಲ್ಲಾ ಗೊತ್ತಿತ್ತು. ಸಾಹೇಬ್ರಿಗೆ ಹೇಳಾವ್ರು ಯಾರು?"

ಚನ್ನಬಸವ್ವ ದಿಗಿಲುಬಿದ್ದು ಅವರನ್ನೇ ನೋಡಿದಳು. ತಾನೊಬ್ಬಳೇ ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದೇನೆ ಅಂದುಕೊಂಡ ಗುಟ್ಟು ಊರಿಗೆಲ್ಲ ಗೊತ್ತಿತ್ತು! ಪಡಸಾಲೆಯಲ್ಲಿ ಕೆಮ್ಮುತ್ತ ಛಲೋ ಐತಿ ಸರ್ ಅಂದವರಿಗೆಲ್ಲ ಗೊತ್ತಿತ್ತು. ಅವಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟು ಮಾಡಬೇಕಾದವರು ಹಾರ ಹಾಕಿಕೊಂಡು ಕೂತಿದ್ದರು. ಸ್ವಾಮಿಗಳೇ ಸಮಯ ನೋಡಿ, "ದಾಸೋಹಕ್ಕೆ ಹೊತ್ತಾತು," ಅಂದರು. ಮಂದಿ, ಬದುಕಿದೆವು ಎಂದು, ಹುಗ್ಗಿಯ ಕಡೆಗೆ ಎದ್ದಿತು.

ಮಗ ಎರಡು ದಿನ ಮಾತು ಬಿಟ್ಟ. ಅವನ ಮಾತಿಗೆ ಯಾರೂ ಕಾಯಲಿಲ್ಲ. ವಾಣಿಶ್ರೀ ಆ ಸಂಜೆಯೇ ಗೌಂಡಿಗೆ ಫೋನು ಹಚ್ಚಿದಳು. "ಅತ್ತಿ, ನಾಳೆ ಬಾ ಅಂತ ಹೇಳ್ಲೇನ್ರಿ, ನಾಡಿದ್ದು ಹೇಳ್ಲೇನ್ರಿ?" ಕಡೆಗೂ ಗೌಂಡಿ ತನ್ವೀರ ಬಂದ. ಪ್ರಸಾದನೂ ಮುಖ ಊದಿಸಿಕೊಂಡೇ ಬಂದು, ಮೇಲೆ ಕಬ್ಬಿಣದ ತೊಲೆ ಎಲ್ಲಿ ಬರಬೇಕು ಎಂದು ಬಳಪದಿಂದ ಗೆರೆ ಎಳೆದ. ಪೇರಲ ತೋಟ ಹೋಗಿ ಎಷ್ಟೋ ಕಾಲವಾಯಿತು. ಅಲ್ಲೀಗ ಓದುವ ಹುಡುಗಿಯರ ಮೂರು ಅಂತಸ್ತಿನ ಪಿ.ಜಿ. ಇದೆ. ಕಿಟಕಿ ಇಟ್ಟರೂ ಕಾಣುವುದು ಅದರ ಗೋಡೆ ಮತ್ತು ಒಣಹಾಕಿದ ಚೂಡಿದಾರ. ಇರಲಿ. ಚನ್ನಬಸವ್ವ ನೋಟ ಕೇಳಿರಲಿಲ್ಲ.

ತನ್ವೀರ ಸುತ್ತಿಗೆ ಎತ್ತಿ ಮೊದಲ ಏಟು ಹಾಕಿದ.

ಆ ಏಟಿಗೆ ಮನೆಯಲ್ಲಿ ಏನೂ ಅಲ್ಲಾಡಲಿಲ್ಲ. ಚನ್ನಬಸವ್ವ ಮಾತ್ರ ಹೌಹಾರಿದಳು. ತುಂಬಿದ ಸಭೆಯಲ್ಲಿ ಭಾರ ಗೀರ ಏನಿಲ್ಲ ಅಂದವಳು ಪಡಸಾಲೆಗೆ ಓಡಿ, ಗೋಡೆಯ ಮೇಲಿದ್ದ ಗಂಡನ ಫೋಟೋವನ್ನು ಹಾರಸಮೇತ ಕಿತ್ತುಕೊಂಡು, ಎದೆಗೆ ಅವುಚಿ ಹಿಡಿದು ಅಂಗಳಕ್ಕೆ ಬಂದು ನಿಂತಳು. ಮಂಡಿನೋವು ಎಂದು ವರ್ಷಗಟ್ಟಲೆ ನರಳಿದ ಕಾಲುಗಳೇ ಅವು! ಒಳಗೆ ಏಟು ಬೀಳುತ್ತಲೇ ಇತ್ತು. ಅವಳು ಮಾಳಿಗೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಹೆಂಡತಿ ಆದವಳು ಸುಳ್ಳು ಎಂದು ಗೊತ್ತಿದ್ದೂ ಎಷ್ಟು ನಂಬಿರುತ್ತಾಳೆ ಎಂಬುದು ಅವಳಿಗೇ ಆಗ ಗೊತ್ತಾಯಿತು.

ಪಿ.ಜಿ.ಯ ಮೇಲಿನ ಅಂತಸ್ತಿನಿಂದ ಒಬ್ಬ ಹುಡುಗಿ ಬಗ್ಗಿ ಕೇಳಿದಳು:

"ಅಜ್ಜೀ, ಏನ್ ಮಾಡಾಕತ್ತೀರಿ? ಭೂಕಂಪ ಆತೇನ್ರಿ?"

"ಇಲ್ಲವಾ. ಕಿಡಕಿ ಇಡಾಕತ್ತೇವಿ."

ಸ್ವಲ್ಪ ಹೊತ್ತಿಗೆ ಪ್ರಸಾದ ತಲೆತುಂಬ ಧೂಳು ಮಾಡಿಕೊಂಡು ಹೊರಬಂದ. ಅವ್ವನ ಕೈಯಲ್ಲಿದ್ದ ಫೋಟೋ ನೋಡಿ ನಗಬೇಕೋ ಅಳಬೇಕೋ ತಿಳಿಯದೆ ನಿಂತ.

"ಒಳಗ ಬಾರವಾ. ಬೆಳಕು ಬಂತು."

ಅವಳು ಒಳಗೆ ಹೋದಳು. ಒಲೆಯ ಮೇಲೆ, ಹಂಚಿನ ಮೇಲೆ, ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಮೇಲೆ ಬೆಳಕು ಬಿದ್ದಿತ್ತು. ಮನೆ ಇದ್ದ ಹಾಗೆ ಇತ್ತು. ಚನ್ನಬಸವ್ವ ಸೆರಗಿನಿಂದ ಫೋಟೋದ ಗಾಜಿನ ಮೇಲಿನ ಧೂಳು ಒರೆಸಿದಳು.

"ಬೀಳ್ಲಿಲ್ಲ ನೋಡ್ರಿ," ಅಂದಳು. "ಒಂದು ಮಾತು ಅಂದಿದ್ರ ನಾ ಏನ್ ಅಂತಿದ್ದೆ?"

ವಾಣಿಶ್ರೀ ಫೋಟೋವನ್ನು ತಿರುಗಿ ಪಡಸಾಲೆಯಲ್ಲಿ ಹಾಕಲು ಕೈ ಚಾಚಿದಳು. ಚನ್ನಬಸವ್ವ ಕೊಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವರ ಮಣೆ ಹಾಗೇ ಇತ್ತು. ಅದರ ಮೇಲೆ ಫೋಟೋವನ್ನು, ಕಿಟಕಿಗೆ ಸರಿಯಾಗಿ ಮುಖ ಮಾಡಿ, ಆನಿಸಿ ಇಟ್ಟಳು.

"ಇಲ್ಲೇ ಇರಲಿ. ದಿನಾ ನೋಡ್ಕೊಂತ ಕುಂದರ್ಲಿ," ಎಂದು, ರೊಟ್ಟಿಗೆ ಹಿಟ್ಟು ತೆಗೆಯಲು ಹೋದಳು.